ಆಟ ನೋಡಿ, ಅಡಿ ಅಂಗುಲ ಅಲ್ಲ

ಸಂಪಾದಕರೇ,

ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಕುಳ್ಳಗಿರುವ ಹುಡುಗರು ಹಿಂದೆ ಬೀಳುವ ಬಗ್ಗೆ ನಿಮ್ಮ ಅನಿವಾಸಿ ಪುಟದಲ್ಲಿ ಬಂದ ವರದಿ ಓದಿದೆ. ಅದು ಹದಿನೆಂಟರ ಹುಡುಗರ ಮಾತು. ಇಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಈ ಗೋಳು ಹದಿಮೂರಕ್ಕೇ ಶುರು. ನಿನ್ನೆ ರಾತ್ರಿ ಆಯ್ಕೆ ಸಮಿತಿಯವರು ನನ್ನ ಮಗನನ್ನು ಹಾಕಿ ತಂಡದಿಂದ ಕೈಬಿಟ್ಟರು. ಸ್ಕೇಟಿಂಗ್ ಚೆನ್ನಾಗಿದೆಯಂತೆ, ಪಾಸ್ ಕೊಡುವುದೂ ಚೆನ್ನಾಗಿದೆಯಂತೆ. ಸೈಜ್ ಮಾತ್ರ ಸಾಲದಂತೆ!

ಸೈಜ್ ನೋಡಿಯೇ ತೆಗೆದುಕೊಳ್ಳುವುದಾದರೆ ಟ್ರಯಲ್ ಯಾಕೆ ಬೇಕಿತ್ತು? ಬಾಗಿಲಲ್ಲೇ ಟೇಪ್ ಹಿಡಿದು ಅಳೆದು ಕಳಿಸಬಹುದಿತ್ತು. ಬೆಳಗಾಗುವ ಮುಂಚೆ ಹಿಮದಲ್ಲಿ ಡೀರ್‌ಫುಟ್ ಹೆದ್ದಾರಿ ಮೇಲೆ ಗಾಡಿ ಓಡಿಸಿದ್ದು, ಕೆಲಸದ ಶಿಫ್ಟ್ ಬದಲಾಯಿಸಿಕೊಂಡಿದ್ದು, ಸಾಲ ಮಾಡಿ ಸ್ಕೇಟ್ ಕೊಡಿಸಿದ್ದು, ಎಲ್ಲ ದಂಡ.

ಈ ಊರಿನವರಿಗೆ ನೆನಪೇ ಇಲ್ಲವಾ? ಥಿಯೋ ಫ್ಲ್ಯೂರಿ ಐದಡಿ ಆರಂಗುಲ. 1987ರ ಡ್ರಾಫ್ಟ್‌ನಲ್ಲಿ 166ನೆಯವನಾಗಿ ನಮ್ಮೂರಿನ ಫ್ಲೇಮ್ಸ್ ತಂಡಕ್ಕೆ ಬಂದ. 1989ರಲ್ಲಿ ಲೀಗ್ ಗೆದ್ದವರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ. ಜಾನಿ ಗಾಡ್ರೋನೂ ಕುಳ್ಳ, 2011ರಲ್ಲಿ ಫ್ಲೇಮ್ಸ್‌ಗೇ 104ನೆಯವನಾಗಿ ಬಂದವನು. ಅವನು 2021-22ರಲ್ಲಿ 115 ಪಾಯಿಂಟ್ (ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿದ್ದನ್ನು ಫ್ಲೇಮ್ಸ್ ಆಡುವ ಸ್ಯಾಡಲ್‌ಡೋಮ್‌ನಲ್ಲಿ ಎದ್ದು ನಿಂತು ನೋಡಿದವರು ಇವರೇ ಅಲ್ವಾ? ಇನ್ನೊಬ್ಬ ಕುಳ್ಳ ಮಾರ್ಟಿನ್ ಸೇಂಟ್ ಲೂಯಿಯನ್ನಂತೂ ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟಲಿಲ್ಲ. ಆಮೇಲೆ ಸೇರಿಸಿಕೊಂಡ ಫ್ಲೇಮ್ಸ್ ತಂಡವೂ 2000ದಲ್ಲಿ ಬೇಡ ಅಂತ ಬಿಟ್ಟುಕೊಟ್ಟಿತು. ನಾಲ್ಕು ವರ್ಷಕ್ಕೆ ಎದುರಾಳಿ ಟ್ಯಾಂಪಾ ತಂಡದ ಪರ ಇದೇ ಊರಿಗೆ ಬಂದು, ಏಳು ಪಂದ್ಯಗಳ ಫೈನಲ್‌ನ ಆರನೇ ಪಂದ್ಯದ ಎರಡನೇ ಓವರ್‌ಟೈಮ್‌ನಲ್ಲಿ ಗೋಲು ಹೊಡೆದ. ಫ್ಲೇಮ್ಸ್‌ಗೆ ಕಪ್ಪೂ ಕೈತಪ್ಪಿತು. ಅಷ್ಟಾದರೂ ಬುದ್ಧಿ ಬಂದಿಲ್ಲ.

ಇನ್ನೊಂದು ಮಾತು. ಇಲ್ಲಿ ವಯಸ್ಸಿನ ಗುಂಪು ಜನವರಿಯಿಂದ ಡಿಸೆಂಬರ್‌ಗೆ. ನನ್ನ ಮಗ ಡಿಸೆಂಬರ್‌ನವನು. ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವರಾದ ಹುಡುಗರ ಜೊತೆ ನಿಲ್ಲಿಸಿ ಕುಳ್ಳ ಅಂದರೆ ಹೇಗೆ? ಆಯ್ಕೆಯಾದವರಲ್ಲಿ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರೇ ಜಾಸ್ತಿ ಅಂತ ಪಕ್ಕದ ಲೆತ್‌ಬ್ರಿಜ್‌ನಲ್ಲೇ ಸಂಶೋಧಕ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಮೈಗೆ ಮೈ ಗುದ್ದುವ ಆಟ ಹದಿಮೂರರ ಸುಮಾರಿಗೆ ಶುರುವಾಗುತ್ತದೆ. ಹುಡುಗರ ಬೆಳವಣಿಗೆಯಲ್ಲಿ ಅಂತರ ಜಾಸ್ತಿ ಇರುವುದೂ ಆಗಲೇ. ಆ ಹೊತ್ತಿಗೆ ಅಳತೆ ಹಿಡಿದರೆ ಮೊದಲು ಬೆಳೆದವನೇ ಗೆಲ್ಲುತ್ತಾನೆ. ಪಕ್ (ಹಾಕಿಯ ರಬ್ಬರ್ ಬಿಲ್ಲೆ) ಬರುವ ಜಾಗ ಮೊದಲೇ ಊಹಿಸುವ ಹುಡುಗ, ಗೋಡೆ ಪಕ್ಕ ಸಿಕ್ಕಿಕೊಂಡರೂ ತಿರುಗಿ ಹೊರಬರುವ ಹುಡುಗ ಈ ಸಮಿತಿಯವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಸಮಿತಿಯವರ ಕತೆ ಹೊಸದಲ್ಲ. ಹೋದ ವರ್ಷ ಐಸ್ ಮೇಲೆ ಆಡುವ ಸಮಯ ಬದಲಾಯಿಸಿ ಮಧ್ಯರಾತ್ರಿ ಇಮೇಲ್ ಕಳಿಸಿದರು. ಶುಲ್ಕ ಏರಿಸಿದರು, ಲೆಕ್ಕ ಕೇಳಿದರೆ ಉತ್ತರವಿಲ್ಲ. ಪಾರ್ಕಿಂಗ್ ದೀಪ ಕೆಟ್ಟು ಎಷ್ಟು ದಿನವಾಯಿತೋ. ದೂರು ಕೊಟ್ಟ ಪೋಷಕರನ್ನೇ ತಲೆನೋವು ಅನ್ನುತ್ತಾರೆ.

ಆಯ್ಕೆಯ ಅಂಕಗಳನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಲಿ. ಇಲ್ಲವಾ, ಟ್ರಯಲ್ ಶುಲ್ಕ ವಾಪಸ್ ಕೊಡಲಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಮಕ್ಕಳ ಆಟ ನೋಡಲು ಬಾರದವರು ಆ ಕುರ್ಚಿಯಲ್ಲಿ ಸುಮ್ನೆ ಯಾಕೆ ಕೂತಿದ್ದಾರೆ? ಎದ್ದು ಹೋಗಲಿ.

— ನೊಂದ ಪೋಷಕ, ಕ್ಯಾಲ್ಗರಿ