ಕರೆಂಟು ಹೋದರೆ ಮಕ್ಕಳ ಉತ್ತರಗಳೂ ಹೋಗಬೇಕೇ?

ಮಾನ್ಯ ಸಂಪಾದಕರೇ,

ಮೂಡಿಗೆರೆ ತಾಲ್ಲೂಕಿನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ನನ್ನ ಮಗಳು ಇತ್ತೀಚೆಗೆ ಬರೆದ ಆನ್‌ಲೈನ್ ಪರೀಕ್ಷೆಯಲ್ಲಿ 40 ಪ್ರಶ್ನೆಗಳ ಪೈಕಿ 17ಕ್ಕೆ ಮಾತ್ರ ಉತ್ತರಿಸಿದ್ದಾಳೆ ಎಂದು ಫಲಿತಾಂಶದ ಹಾಳೆಯಲ್ಲಿ ನಮೂದಾಗಿದೆ. ಅವಳು ಉತ್ತರಿಸಿದ್ದು 31ಕ್ಕೆ. ಉಳಿದ 14 ಉತ್ತರಗಳು ಏನಾದವು ಎಂದು ವಿಚಾರಿಸುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ಅಂದು ಪುನರ್ವಸು ಮಳೆ ಬೆಳಗಿನಿಂದಲೇ ಹಿಡಿದಿತ್ತು. ಒಂದು ಗಂಟೆಯ ಪರೀಕ್ಷೆ ಶುರುವಾಗಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಕರೆಂಟು ಹೋಯಿತು. ಲ್ಯಾಬಿನ ಕಂಪ್ಯೂಟರುಗಳಿಗೆ ಯುಪಿಎಸ್ ಇದ್ದುದರಿಂದ ಪರದೆಗಳು ಆರಲಿಲ್ಲ, ಮಕ್ಕಳು ಬರೆಯುತ್ತಲೇ ಇದ್ದರು. ಆದರೆ ಇಂಟರ್ನೆಟ್ ಕೊಡುವ ರೂಟರನ್ನು ಮಾತ್ರ ಯಾರೋ ಗೋಡೆಯ ಸಾದಾ ಸಾಕೆಟ್ಟಿಗೆ ಸಿಕ್ಕಿಸಿದ್ದರು. ಹೀಗಾಗಿ ಮುಂದಿನ ಹದಿನೈದು ನಿಮಿಷ ಮಕ್ಕಳು ಒತ್ತಿದ ಉತ್ತರಗಳೆಲ್ಲ ಪರದೆಯ ಮೇಲೆ ಕಾಣಿಸಿದವೇ ಹೊರತು ಒಂದೂ ಸರ್ವರ್, ಎಂದರೆ ಉತ್ತರಗಳನ್ನು ಸಂಗ್ರಹಿಸುವ ದೂರದ ಕಂಪ್ಯೂಟರ್, ತಲುಪಲಿಲ್ಲ. ಆಮೇಲೆ ಯುಪಿಎಸ್ ಕೂಡ ಕೈಕೊಟ್ಟಿತು. ಕರೆಂಟು ಮರಳಿದಾಗ ಹತ್ತು ನಿಮಿಷ ಉಳಿದಿತ್ತಂತೆ. ಮತ್ತೆ ಲಾಗಿನ್ ಆಗಲು ಹೋದರೆ ‘ನೀವು ಈಗಾಗಲೇ ಲಾಗಿನ್ ಆಗಿದ್ದೀರಿ’ ಎಂಬ ಸೂಚನೆ ಬಂತು, ಅದನ್ನು ಬಿಡಿಸುವ ಅಧಿಕಾರ ಶಾಲೆಯವರಿಗೆ ಇರಲಿಲ್ಲ, ಪರೀಕ್ಷೆ ನಡೆಸುವ ಸಂಸ್ಥೆಯವರು ಫೋನು ಎತ್ತಲಿಲ್ಲ. ಕಡೆಗೆ ‘ಸಮಯ ಮುಗಿದಿದೆ’ ಎಂದು ಪರದೆಯೇ ಹೇಳಿತು.

ಇದರಲ್ಲಿ ಶಿಕ್ಷಕರನ್ನು ದೂರುವುದು ಅನ್ಯಾಯ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಗಣಿತದ ಮೇಷ್ಟ್ರೇ, ಬಿಡುವಿನ ವೇಳೆಯಲ್ಲಿ. ಅವರು ತೋರಿಸಿದ ಇನ್ನೊಂದು ತೊಂದರೆಯಂತೂ ನನಗೆ ಅಚ್ಚರಿ ತಂದಿತು. ಲ್ಯಾಬಿನ ನಾಲ್ಕು ಕಂಪ್ಯೂಟರುಗಳಲ್ಲಿ ಪರೀಕ್ಷೆಯ ಪುಟವೇ ತೆರೆಯುತ್ತಿರಲಿಲ್ಲ. ಕಾರಣವೇನೆಂದರೆ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಷ್ಟಗಲದ ಸೆಲ್ ಸತ್ತುಹೋಗಿ, ಆ ಯಂತ್ರಗಳು ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕವನ್ನು 2009ನೇ ಇಸವಿಗೆ ಒಯ್ದು ನಿಲ್ಲಿಸುತ್ತಿದ್ದವು. ಬ್ರೌಸರು ಜಾಲತಾಣದ ಭದ್ರತಾ ಪ್ರಮಾಣಪತ್ರದ ಅವಧಿಯನ್ನು ಕಂಪ್ಯೂಟರಿನ ದಿನಾಂಕದೊಡನೆ ತಾಳೆ ನೋಡುತ್ತದೆ, ತಾಳೆಯಾಗದಿದ್ದರೆ ಪುಟವನ್ನು ತೆರೆಯಲು ಬಿಡುವುದಿಲ್ಲ. ನೂರು ರೂಪಾಯಿಯೊಳಗೆ ಸಿಗುವ ಸೆಲ್ ಇಲ್ಲದ್ದಕ್ಕೆ ನಾಲ್ವರು ಮಕ್ಕಳು ಬೇರೆಯವರು ಮುಗಿಸುವವರೆಗೆ ಬೆಂಚಿನ ಮೇಲೆ ಕಾದು ಕುಳಿತಿದ್ದರು.

ಆ ಕಂಪ್ಯೂಟರುಗಳಲ್ಲಿ ಇರುವುದು ವಿಂಡೋಸ್ 7. ಅದಕ್ಕೆ ತಯಾರಕರ ಬೆಂಬಲ 2020ರ ಜನವರಿಯಲ್ಲಿಯೇ ನಿಂತಿದೆ, 2023ರಿಂದೀಚೆಗೆ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೂ ಅದರಲ್ಲಿ ನಡೆಯುವುದಿಲ್ಲ. ಸಾಲದೆಂಬಂತೆ, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವಾದ ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕೆಲವು ಕನ್ನಡ ಪ್ರಶ್ನೆಗಳನ್ನು ಪರಿವರ್ತಿಸದೆ ಹಾಗೆಯೇ ಏರಿಸಿದ್ದರಿಂದ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಮೂಡಿದ್ದವು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಈ ಕಷ್ಟ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಂತ್ರ ಕೆಡುವುದು ಸಹಜ. ನನ್ನ ತಕರಾರು ಇರುವುದು, ಕೆಟ್ಟಾಗ ಆದ ನಷ್ಟವನ್ನು ಮಗುವಿನ ಲೆಕ್ಕಕ್ಕೆ ಬರೆಯುವುದರ ಬಗ್ಗೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2019ರಿಂದ ನಡೆಸುತ್ತಿರುವ, ಎಂಜಿನಿಯರಿಂಗ್ ಪ್ರವೇಶಕ್ಕಾಗಿನ ಜೆಇಇ ಮುಖ್ಯ ಪರೀಕ್ಷೆಯೂ ಕಂಪ್ಯೂಟರಿನ ಮೇಲೆಯೇ ನಡೆಯುತ್ತದೆ. ಅಲ್ಲಿ ಕಂಪ್ಯೂಟರ್ ಕೆಟ್ಟರೆ ಅಭ್ಯರ್ಥಿಗೆ ಇನ್ನೊಂದನ್ನು ಕೊಟ್ಟು, ಕಳೆದುಹೋದ ಸಮಯವನ್ನು ಸರ್ವರಿನಲ್ಲಿ ಸರಿಹೊಂದಿಸಬೇಕೆಂಬುದು ಮಾಹಿತಿ ಪುಸ್ತಿಕೆಯಲ್ಲೇ ಇದೆ. ಹದಿನೆಂಟರ ಹುಡುಗರಿಗೆ ಸಿಗುವ ಈ ರಕ್ಷಣೆ ಹದಿನಾಲ್ಕರ ಮಕ್ಕಳಿಗೆ ಏಕೆ ಬೇಡ? ನಾನು ಇದನ್ನು ಕೇಳಿದಾಗ ‘ಇದು ಬರೀ ಅಭ್ಯಾಸ ಪರೀಕ್ಷೆ, ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಉತ್ತರ ಬಂತು. ಅದೇ ಅಂಕಗಳ ಆಧಾರದ ಮೇಲೆಯೇ ಮಕ್ಕಳನ್ನು ವಿಶೇಷ ತರಗತಿಗೆ ಆರಿಸಿದ್ದಾರೆ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರೆಂಟು ಹೋಗುವುದು ಹೊಸ ಸುದ್ದಿಯಲ್ಲ. ಕಾಫಿ ತೋಟಗಳ ನಡುವೆ ಹಾದುಹೋಗುವ ತಂತಿಯ ಮೇಲೆ ಸಿಲ್ವರ್ ಓಕ್ ಮರ ಬಿದ್ದರೆ, ಸುರಿಯುವ ಮಳೆಯಲ್ಲಿ ಜಾರುವ ಕಂಬ ಹತ್ತುವ ಲೈನ್‌ಮನ್‌ಗಳಿಂದ ಗಂಟೆಯೊಳಗೆ ದುರಸ್ತಿ ನಿರೀಕ್ಷಿಸುವುದೂ ತಪ್ಪು. ಟವರಿನ ಬ್ಯಾಟರಿ ಖಾಲಿಯಾದರೆ ಮೊಬೈಲಿಗೂ ಸಿಗ್ನಲ್ ಇರುವುದಿಲ್ಲ. ಕೊಟ್ಟಿಗೆಹಾರ, ಕಳಸ, ಶೃಂಗೇರಿ ಕಡೆಯ ಪೋಷಕರಿಗೆ ಇದು ಗೊತ್ತು, ಪರೀಕ್ಷೆಯ ವೇಳಾಪಟ್ಟಿ ಮಾಡುವವರಿಗೆ ಗೊತ್ತಿರುವಂತೆ ಕಾಣುವುದಿಲ್ಲ.

ಪರಿಹಾರ ತೀರಾ ದುಬಾರಿಯದೇನಲ್ಲ. ಪ್ರಶ್ನೆಪತ್ರಿಕೆಯನ್ನು ಮೊದಲೇ ಇಳಿಸಿಕೊಂಡು ಶಾಲೆಯ ಒಂದು ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡರೆ, ಉಳಿದವು ಒಳಗಿನ ತಂತಿಯ ಮೂಲಕ ಉತ್ತರಗಳನ್ನು ಅದಕ್ಕೆ ಕಳುಹಿಸುತ್ತವೆ, ಇಂಟರ್ನೆಟ್ ಸಂಜೆ ಬಂದರೂ ನಡೆಯುತ್ತದೆ. ಉಚಿತವಾಗಿ ಸಿಗುವ ಮೂಡಲ್‌ನಂತಹ ತಂತ್ರಾಂಶಗಳನ್ನು ಹೀಗೆ ಬಳಸಬಹುದು. ಅದಾಗುವವರೆಗೆ ಮೇಲ್ವಿಚಾರಕರು ಕರೆಂಟು ಹೋದ ಮತ್ತು ಬಂದ ವೇಳೆಯನ್ನು ಬರೆದಿಟ್ಟುಕೊಂಡು ಅಷ್ಟು ಸಮಯವನ್ನು ಮಕ್ಕಳಿಗೆ ಮರಳಿ ಕೊಡುವ ಅಧಿಕಾರ ಅವರಿಗಿರಲಿ, ಮುದ್ರಿತ ಪ್ರಶ್ನೆಪತ್ರಿಕೆಯ ಕಟ್ಟೊಂದು ಮುಖ್ಯ ಶಿಕ್ಷಕರ ಬೀರುವಿನಲ್ಲಿರಲಿ. ಸಾರ್ವಜನಿಕ ಶಿಕ್ಷಣ ಇಲಾಖೆಯ ಜಿಲ್ಲಾ ಅಧಿಕಾರಿಗಳು ಈ ಬಗ್ಗೆ ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

ಮುಂದಿನ ಪರೀಕ್ಷೆಯನ್ನು ಆಗಸ್ಟ್ ಎರಡನೇ ವಾರಕ್ಕೆ, ಎಂದರೆ ಆಶ್ಲೇಷಾ ಮಳೆಯ ದಿನಗಳಿಗೇ ಗೊತ್ತುಮಾಡಿದ್ದಾರೆ. ಸುತ್ತೋಲೆ ಅಷ್ಟರಲ್ಲಿ ಬರದಿದ್ದರೂ, ರೂಟರಿನ ವೈರನ್ನು ಗೋಡೆಯಿಂದ ಕಿತ್ತು ಯುಪಿಎಸ್‌ಗೆ ಸಿಕ್ಕಿಸುವ ಕೆಲಸವಾದರೂ ಆಗಿರಲಿ.

ಇಂತಿ,
ಒಬ್ಬ ಪೋಷಕ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ