ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಡುವ ವಿಚಾರ

ಮ್ಯೂನಿಕ್

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮ ಸಮಾಚಾರ ತಿಳಿಸಿ.

ಈ ವಿಷಯವನ್ನು ಫೋನಿನಲ್ಲಿ ಎತ್ತಿದಾಗಲೆಲ್ಲ ಮಾತು ಬೇರೆ ಕಡೆಗೆ ಹೊರಳುತ್ತಿರುವುದರಿಂದ ಬರೆದೇ ತಿಳಿಸೋಣವೆಂದು ಕುಳಿತಿದ್ದೇನೆ. ನಿಮ್ಮ ಅಳಿಯಂದಿರ ಇಲ್ಲಿನ ಕೆಲಸವನ್ನು ಕಂಪನಿಯವರು ಇನ್ನೂ ಒಂದು ವರ್ಷ ಮುಂದುವರಿಸಿದ್ದಾರೆ. ಅದು ಮುಗಿದ ಮೇಲೆ ಬೆಂಗಳೂರಿಗೇ ವಾಪಸು ಕರೆಸುತ್ತಾರೋ, ಮತ್ತೊಂದು ದೇಶಕ್ಕೆ ಕಳಿಸುತ್ತಾರೋ ಈಗಲೇ ಹೇಳುವಂತಿಲ್ಲ. ಆದ್ದರಿಂದ ಬೆಂಗಳೂರಿನ ಫ್ಲ್ಯಾಟಿಗೆ ಬೀಗ ಹಾಕಿಟ್ಟದ್ದು ಸಾಕು, ಬಾಡಿಗೆಗೆ ಕೊಡೋಣ ಎಂದು ನಮ್ಮಿಬ್ಬರಿಗೂ ಅನ್ನಿಸಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಮುಂದುವರಿಯುವುದಿಲ್ಲ, ಆದರೆ ಕಾರಣಗಳನ್ನು ಪೂರ್ತಿ ಓದಿ ಆಮೇಲೆ ಹೇಳಿ.

ಮೊದಲ ಕಾರಣ ನೀವೇ, ಅಪ್ಪ. ಆ ಮನೆಯ ಬಾಗಿಲು ತೆರೆದು ಗಾಳಿಯಾಡಿಸಲು ನೀವು ಈ ವಯಸ್ಸಿನಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಿರುವುದು ನನಗೆ ಸಹಿಸಲಾಗುತ್ತಿಲ್ಲ. ಜನ ಓಡಾಡುವ ಮನೆ ತನ್ನಷ್ಟಕ್ಕೆ ತಾನೇ ಚೆನ್ನಾಗಿರುತ್ತದೆ. ಬೀಗ ಬಿದ್ದ ಮನೆಗೆ ಮಾತ್ರ ಆರೈಕೆ ಮುಗಿಯುವುದೇ ಇಲ್ಲ. ಬಚ್ಚಲಿನ ಜಾಲರಿಯ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನಿಂತಿರಬೇಕಾದ ಸ್ವಲ್ಪ ನೀರು ಬಳಕೆಯಿಲ್ಲದೆ ಆರಿಹೋದರೆ ಚರಂಡಿಯ ವಾಸನೆಯೂ ಜಿರಲೆಗಳೂ ನೇರವಾಗಿ ಒಳಗೆ ಬರುತ್ತವೆ. ನೀವು ಹೋದಾಗಲೆಲ್ಲ ಪ್ರತಿ ಬಚ್ಚಲಿಗೂ ಒಂದೊಂದು ಚೊಂಬು ನೀರು ಸುರಿದು ಬರುವುದು ಅದಕ್ಕೇ ಎಂದು ನನಗೆ ಗೊತ್ತು. ಇನ್ವರ್ಟರ್ ಬ್ಯಾಟರಿಗೆ ನೀರು ತುಂಬುವುದು, ಮಳೆಗಾಲದಲ್ಲಿ ಬೀರುವಿನೊಳಗಿನ ಬೂಷ್ಟು ಒರೆಸುವುದು, ಸಂಘಕ್ಕೆ ನಿರ್ವಹಣಾ ಶುಲ್ಕ ಕಟ್ಟುವುದು, ಶೇ 5ರ ರಿಯಾಯಿತಿ ತಪ್ಪಬಾರದೆಂದು ಏಪ್ರಿಲ್ ಒಳಗೆ ಆಸ್ತಿ ತೆರಿಗೆಯನ್ನು ನೆನಪಿಸುವುದು, ಎಲ್ಲವೂ ನಿಮ್ಮ ತಲೆಯ ಮೇಲೇ ಬಿದ್ದಿದೆ. ಯಾರೂ ಮಲಗದ ಮನೆಗಾಗಿ ನೀವು ಇಷ್ಟು ದಣಿಯಬಾರದು.

ಇಲ್ಲಿನ ಮನೆಯೂ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಈ ದೇಶದಲ್ಲಿ ಮನೆ ಬದಲಿಸಿದರೆ ಎರಡು ವಾರದೊಳಗೆ ಮಾಲೀಕರ ಪತ್ರ ಹಿಡಿದು ನಗರಾಡಳಿತದ ಕಚೇರಿಗೆ ಹೋಗಿ ಹೊಸ ವಿಳಾಸವನ್ನು ನೋಂದಾಯಿಸಬೇಕು; ದೇಶ ಬಿಡುವಾಗ ಮತ್ತೆ ಹೋಗಿ ಹೆಸರು ತೆಗೆಸಬೇಕು. ಟಿವಿ ಇರಲಿ ಬಿಡಲಿ, ಪ್ರತಿ ಮನೆಯಿಂದಲೂ ಪ್ರಸಾರ ಶುಲ್ಕವೆಂದು ತಿಂಗಳಿಗೆ 18.36 ಯೂರೋ ವಸೂಲಾಗುತ್ತದೆ. ಚಳಿಗಾಲದಲ್ಲಿ ರಜೆಗೆ ಊರಿಗೆ ಹೊರಡುವ ಮುನ್ನ ಪ್ರತಿ ಕೋಣೆಯ ಹೀಟರಿನ ತಿರುಗಣೆಯನ್ನು ಹಿಮದ ಹರಳಿನ ಗುರುತಿಗೆ ತಂದು ನಿಲ್ಲಿಸುತ್ತೇವೆ. ಕೋಣೆ ಪೂರ್ತಿ ತಣ್ಣಗಾಗಿ ಪೈಪಿನ ನೀರು ಹೆಪ್ಪುಗಟ್ಟದಂತೆ ಅದು ಕಾಯುತ್ತದೆ. ಇವೆಲ್ಲ ಅಭ್ಯಾಸವಾದ ಸಂಗತಿಗಳು. ನಿಜವಾದ ತೊಡಕು ಬೇರೆಯೇ ಇದೆ: ಇಲ್ಲಿನ ಬಾಡಿಗೆದಾರರು ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ಲಿಖಿತವಾಗಿ ತಿಳಿಸಬೇಕು, ಆದರೆ ಕಂಪನಿಯವರು ವರ್ಗಾವಣೆಯ ಸುದ್ದಿಯನ್ನು ಅಷ್ಟು ಮೊದಲು ಹೇಳುವುದಿಲ್ಲ. ಹೀಗಾಗಿ ಮುಂದಿನ ಸಲ ಹೊರಡುವಾಗ ಬಿಟ್ಟ ಊರಿನ ಮನೆಗೂ ಸೇರಿದ ಊರಿನ ಮನೆಗೂ ಒಟ್ಟಿಗೆ ಬಾಡಿಗೆ ಕಟ್ಟುವ ತಿಂಗಳುಗಳು ಬಂದೇ ಬರುತ್ತವೆ. ಅದರ ಮೇಲೆ ಬೆಂಗಳೂರಿನ ಸಾಲದ ಕಂತು. ಆ ಫ್ಲ್ಯಾಟು ತನ್ನ ಖರ್ಚನ್ನಾದರೂ ತಾನು ದುಡಿದುಕೊಂಡರೆ ನಮಗೆ ಎಷ್ಟೋ ನಿರಾಳ.

ಇನ್ನು ಕಾನೂನಿನ ವಿಚಾರ. ಕೆಲಸಕ್ಕೆಂದು ದೇಶ ಬಿಟ್ಟವರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಗಳು, ನಾವೂ ಹಾಗೆಯೇ. ನಮ್ಮ ಉಳಿತಾಯ ಖಾತೆಯನ್ನು ಆಗಲೇ ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದಲ್ಲಿ ಬರುವ ಆದಾಯವನ್ನು ಇಡುವ ಖಾತೆಯಾಗಿ, ಬದಲಿಸಿಕೊಂಡಿದ್ದೇವೆ, ಬಾಡಿಗೆ ಅದಕ್ಕೇ ಬೀಳಬೇಕು. ಮಾಲೀಕರು ಅನಿವಾಸಿಗಳಾದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಾಡಿಗೆದಾರರು ಮೂಲದಲ್ಲೇ ಶೇ 30 ತೆರಿಗೆಯನ್ನು, ಮೇಲೆ ಸೆಸ್ಸನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ರಿಟರ್ನ್ಸ್ ಸಲ್ಲಿಸಿದ ಮೇಲೆ ಹೆಚ್ಚಾದದ್ದು ನಮಗೆ ಮರಳುತ್ತದೆ. ಮೊದಲೇ ಇದನ್ನು ಬಾಯಿಬಿಟ್ಟು ಹೇಳಿ, ಒಪ್ಪುವವರಿಗೆ ಮಾತ್ರ ಮನೆ ಕೊಡಬೇಕು. ನಡುವೆ ಗೊತ್ತಾದರೆ ಎರಡೂ ಕಡೆಯವರಿಗೆ ಕಿರಿಕಿರಿ.

ಕರಾರಿಗೆ ಸಹಿ ಹಾಕುವ ಜವಾಬ್ದಾರಿಯನ್ನು ತಮ್ಮನಿಗೆ ವಹಿಸಬೇಕೆಂದಿದ್ದೇವೆ. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಅಧಿಕಾರಿಗಳ ಎದುರು ನಾವಿಬ್ಬರೂ ಪವರ್ ಆಫ್ ಅಟಾರ್ನಿಗೆ, ಅಂದರೆ ನಮ್ಮ ಪರವಾಗಿ ನಡೆಯಲು ಅವನಿಗೆ ಕೊಡುವ ಅಧಿಕಾರ ಪತ್ರಕ್ಕೆ, ಸಹಿ ಮಾಡಿ ಕಳಿಸುತ್ತೇವೆ. ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅವನು ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಅದರಲ್ಲಿ ಬಾಡಿಗೆಗೆ ಕೊಡುವ, ಬಿಡಿಸುವ, ರಿಪೇರಿ ಮಾಡಿಸುವ ಅಧಿಕಾರವಷ್ಟೇ ಇರುತ್ತದೆ. ಮಾರುವ ಮಾತೇ ಇರುವುದಿಲ್ಲ. ಬಾಡಿಗೆದಾರರು ಮನೆ ಬಿಡದೆ ಕೂತರೆ ಏನು ಗತಿ ಎಂದು ನೀವು ಕೇಳಿದ್ದಿರಿ. ಎಲ್ಲರೂ ಮಾಡುವಂತೆ 11 ತಿಂಗಳ ಕರಾರು ಮಾಡೋಣ, ಪರಿಚಯದವರ ಮೂಲಕ ಬಂದ ಸಂಸಾರಸ್ಥರಿಗೇ ಕೊಡೋಣ. ಭಯಕ್ಕೆ ಪೂರ್ತಿ ಮದ್ದು ಇದಲ್ಲವೆಂದು ಬಲ್ಲೆ, ಆದರೂ ಖಾಲಿ ಬಿಡುವುದರಿಂದ ಆಗುವ ನಷ್ಟ ಅದಕ್ಕಿಂತ ಖಚಿತ.

ಅಮ್ಮಾ, ನಾವು ಯಾವಾಗ ಬಂದರೂ ನಮ್ಮದೆಂಬ ಮನೆ ತೆರೆದಿರಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ರಜೆಯಲ್ಲಿ ಬಂದಾಗ ವಿಮಾನ ಇಳಿದ ರಾತ್ರಿಯೊಂದನ್ನು ಬಿಟ್ಟರೆ ನಾವು ಆ ಫ್ಲ್ಯಾಟಿನಲ್ಲಿ ಉಳಿಯುವುದೇ ಇಲ್ಲ. ನಿಮ್ಮ ಮೊಮ್ಮಗ ಊರಿನ ಮನೆಗೆ ಯಾವಾಗ ಹೊರಡುವುದೆಂದು ಕಾರಿನಲ್ಲೇ ಕೇಳತೊಡಗುತ್ತಾನೆ. ಇಷ್ಟು ಮನೆಗಳ ಬೀಗದ ಕೈ ನಮ್ಮಲ್ಲಿದ್ದರೂ ಅವನು ಮನೆ ಎನ್ನುವುದು ನೀವಿರುವ ಮನೆಯನ್ನೇ. ಇನ್ನು ಮುಂದೆ ಬ್ಯಾಂಕಿಗೂ ವಿಮೆಗೂ ನಮ್ಮ ಶಾಶ್ವತ ವಿಳಾಸವಾಗಿ ಅದನ್ನೇ ಕೊಡಬೇಕೆಂದಿದ್ದೇನೆ, ನೀವು ಬೇಡವೆನ್ನಬಾರದು.

ಫ್ಲ್ಯಾಟಿನ ಒಂದು ಕೋಣೆಯಲ್ಲಿ ಸಾಮಾನು ತುಂಬಿ ಅದಕ್ಕೆ ಬೀಗ ಹಾಕೋಣವೆಂದು ತಮ್ಮ ಹೇಳಿದ. ಅದು ಬೇಡ, ಬಾಡಿಗೆಯವರಿಗೂ ಕಷ್ಟ, ಆ ಕೋಣೆಯೂ ಮತ್ತೆ ಬೂಷ್ಟು ಹಿಡಿಯುತ್ತದೆ. ಮಂಚ, ಸೋಫಾ, ಫ್ರಿಜ್ಜು ಅಲ್ಲೇ ಇದ್ದು ಬಳಕೆಯಾಗಲಿ. ದೇವರ ಮನೆಯ ವಿಗ್ರಹಗಳು, ಮಗುವಿನ ಚಿತ್ರಗಳ ಪೆಟ್ಟಿಗೆ, ಕಾಗದಪತ್ರಗಳ ಕಡತ ಇಷ್ಟು ಮಾತ್ರ ನಿಮ್ಮಲ್ಲಿಗೆ ಬರಲಿ.

ನೀವು ಒಪ್ಪುವುದಾದರೆ ಕ್ರಯಪತ್ರದಲ್ಲಿ ಫ್ಲ್ಯಾಟಿನ ವಿವರವಿರುವ ಪುಟವನ್ನು ತಮ್ಮನ ಕೈಯಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿ. ಅಧಿಕಾರ ಪತ್ರದಲ್ಲಿ ಅದೇ ಪದಗಳು ಬರಬೇಕು. ಬಂದ ಕೂಡಲೇ ಕಾನ್ಸುಲೇಟಿನಲ್ಲಿ ದಿನ ಗೊತ್ತುಮಾಡಿಕೊಳ್ಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು