ಹೊಗಳುವ ಮಾತಿಗೂ ಒಂದು ಕಾಲವಿದೆ

ಪ್ರೀತಿಯ ಯುವಮಿತ್ರರೆ,

1925ರ ನ್ಯೂಯಾರ್ಕಿನಲ್ಲಿ ನಡೆಯುವ ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಓದಿದೆ. ನೃತ್ಯಶಾಲೆಯ ಅಧ್ಯಾಯ ಕಣ್ಣಿಗೆ ಕಟ್ಟುವಂತಿದೆ. ಆದರೆ ಅಲ್ಲಿನ ಪಾತ್ರಗಳು ಮೆಚ್ಚಿಕೊಂಡಾಗ ಆಡುವ ಮಾತುಗಳನ್ನು ನೀವು ಇನ್ನೊಮ್ಮೆ ನೋಡಲೇಬೇಕು, ಏಕೆಂದರೆ ಬೀದಿಯ ಮಾತಿನಲ್ಲಿ ಹೊಗಳಿಕೆ ಬಹಳ ಬೇಗ ಹಳತಾಗುತ್ತದೆ.

ನಿಮ್ಮ ನಾಯಕಿ ಗೆಳತಿಯ ಹೊಸ ಟೋಪಿಯನ್ನು ಕಂಡು ‘ಗ್ರೂವಿ’ ಎನ್ನುತ್ತಾಳೆ. ಆ ಮಾತು ಜಾಜ್ ವಾದಕರ ನಡುವೆ ಚಾಲ್ತಿಗೆ ಬಂದದ್ದು 1930ರ ದಶಕದಲ್ಲಿ, ಎಲ್ಲರ ಬಾಯಿಗೆ ಬಿದ್ದದ್ದು 1960ರ ದಶಕದಲ್ಲಿ. ಕೂದಲು ಕತ್ತರಿಸಿಕೊಂಡು ರಾತ್ರಿಯೆಲ್ಲ ಕುಣಿಯುತ್ತಿದ್ದ ಅವಳಂಥ ‘ಫ್ಲ್ಯಾಪರ್’ ಹುಡುಗಿಯರು ‘ಕ್ಯಾಟ್ಸ್ ಪಜಾಮಾಸ್’ ಎನ್ನುತ್ತಿದ್ದರು, ‘ಬೀಸ್ ನೀಸ್’ ಎನ್ನುತ್ತಿದ್ದರು. ಎಂದರೆ ಬೆಕ್ಕಿನ ಪೈಜಾಮ, ಜೇನ್ನೊಣದ ಮೊಣಕಾಲು. ಯಾವುದಾದರೂ ಪ್ರಾಣಿಯನ್ನು ಹಿಡಿದು ಅದಕ್ಕೆ ಇಲ್ಲದ ಅಂಗವನ್ನೋ ಉಡುಪನ್ನೋ ತೊಡಿಸಿಬಿಟ್ಟರೆ ಅದೇ ಪರಮ ಹೊಗಳಿಕೆ. ಕ್ಯಾನರಿ ಹಕ್ಕಿಗೆ ದಂತ ಹಚ್ಚಿದವರೂ ಇದ್ದರು. ಇಂಥ ಮಾತುಗಳನ್ನು ಹಬ್ಬಿಸಿದ ಕೀರ್ತಿಯಲ್ಲಿ ದೊಡ್ಡ ಪಾಲನ್ನು ಪತ್ರಿಕೆಗಳ ವ್ಯಂಗ್ಯಚಿತ್ರಕಾರ ಟ್ಯಾಡ್ ಡಾರ್ಗನ್ ಅವರಿಗೆ ಕೊಡುವುದು ವಾಡಿಕೆ. ವಿಶೇಷವೆಂದರೆ, 18ನೆಯ ಶತಮಾನದ ಇಂಗ್ಲಿಷಿನಲ್ಲಿ ಜೇನ್ನೊಣದ ಮೊಣಕಾಲು ತೀರ ಅಲ್ಪವಾದುದಕ್ಕೆ ಹೋಲಿಕೆಯಾಗಿತ್ತು.

ನಾಯಕಿಯ ಅಜ್ಜನ ಬಾಯಲ್ಲಿ ಮಾತ್ರ ಇವನ್ನು ಹಾಕಬೇಡಿ. ಅವರದು 19ನೆಯ ಶತಮಾನದ ನಾಲಿಗೆ. ‘ಕಾರ್ಕರ್’, ‘ಕ್ರ್ಯಾಕರ್‌ಜ್ಯಾಕ್’ ಎಂಬ ಹೊಗಳಿಕೆಗಳು ಅವರಿಗೆ ಒಪ್ಪುತ್ತವೆ.

ಪದಗಳ ಹುಟ್ಟಿನ ಕಥೆಗಳನ್ನು ಕೇಳಿದೊಡನೆ ನಂಬುವುದೂ ಬೇಡ. ಅಸಾಧಾರಣವಾದುದನ್ನು ಮೆಚ್ಚಿ ಹೇಳುವ ‘ಡೂಜಿ’ ಎಂಬುದು ಡ್ಯೂಸೆನ್‌ಬರ್ಗ್ ಕಾರಿನಿಂದ ಬಂದ ಮಾತೆಂದು ನಿಮ್ಮ ನಿರೂಪಕ ಖಚಿತವಾಗಿ ಹೇಳುತ್ತಾನೆ. ಆ ಕಂಪನಿ ಹುಟ್ಟುವ ಮೊದಲೇ, 20ನೆಯ ಶತಮಾನದ ಆರಂಭದಲ್ಲೇ, ಪದ ಅಚ್ಚಿನಲ್ಲಿ ಕಾಣಿಸಿಕೊಂಡಿದೆ. ಉತ್ತಮವಾದುದನ್ನು ‘ಡೇಸಿ’ ಹೂವೆನ್ನುತ್ತಿದ್ದ ಹಳೆಯ ರೂಢಿಯಿಂದ ಅದು ಬಂದಿರಬಹುದೆಂಬುದು ಹೆಚ್ಚು ನಂಬಲರ್ಹ. ಕ್ರ್ಯಾಕರ್‌ಜ್ಯಾಕ್‌ನ ವಿಷಯದಲ್ಲೂ ಹಾಗೆಯೇ: ಹೊಗಳಿಕೆ ಮೊದಲು ಬಂತು, 1896ರಲ್ಲಿ ಪಾಪ್‌ಕಾರ್ನ್ ತಿಂಡಿ ಆ ಹೆಸರನ್ನು ತೊಟ್ಟುಕೊಂಡಿತು.

‘ಹಮ್‌ಡಿಂಗರ್’ ಎಂಬ ಮೆಚ್ಚುಗೆಯ ಮಾತನ್ನು ನೀವು ಬಿರುಗಾಳಿಗೆ ಬಳಸಿರುವುದು ನನಗೆ ಬಹಳ ಹಿಡಿಸಿತು. ಆ ಮಾತಿನಲ್ಲಿ ಗುಣಕ್ಕಿಂತ ಅಬ್ಬರವೇ ಮುಖ್ಯವಾದ್ದರಿಂದ ಜಗಳಕ್ಕೂ ಗಾಳಿಮಳೆಗೂ ಅದು ಸಲ್ಲುತ್ತದೆ.

ಟೋಪಿಯ ಪುಟದಲ್ಲಿ ಇಂಥ ಮಾತುಗಳು ಕಿಕ್ಕಿರಿದಿವೆ. ನಾಯಕಿಯದೊಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ. ಅರ್ಥವನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಬದಲು, ಬೆಕ್ಕಿಗೆಲ್ಲಿಯ ಪೈಜಾಮವೆಂದು ಅಜ್ಜನೇ ಅವಳನ್ನು ಕೇಳಲಿ. ತಿದ್ದಿದ ಅಧ್ಯಾಯವನ್ನು ಕಳಿಸಿಕೊಡಿ, ಕಾಯುತ್ತಿರುತ್ತೇನೆ.

ಇಂತು ನಿಮ್ಮ ಹಿತೈಷಿ